ಎಂಟು ವರ್ಷ ಪಾಸಾದ ಗಾಡಿ

ನಮ್ಮೂರಿನ ಗಾಡಿ ಪರೀಕ್ಷೆಯ ಶೆಡ್ಡಿನಲ್ಲಿ ನನ್ನದು ಹಿಂದೆ ನಿಲ್ಲುವ ಕೆಲಸ. ಗಾಡಿ ಒಳಗೆ ಬಂದು ಬಿಳಿ ಗೆರೆಯ ಮೇಲೆ ನಿಂತ ಮೇಲೆ ಪರೀಕ್ಷೆಯ ಸಾಹೇಬರಾದ ಕೊಟ್ರಯ್ಯನವರು ಅದರ ಮುಂದೆ ನಿಲ್ಲುತ್ತಾರೆ, ನಾನು ಹಿಂದೆ ನಿಲ್ಲುತ್ತೇನೆ. ಅವರು ‘ಬ್ರೇಕ್’ ಎನ್ನುತ್ತಾರೆ. ಗಾಡಿಯ ಮೇಲೆ ಕೂತವರು ಬ್ರೇಕ್ ಹಿಡಿಯುತ್ತಾರೆ. ಹಿಂದಿನ ಕೆಂಪು ದೀಪ ಹತ್ತಿದರೆ ನಾನು ‘ಹತ್ತಿತು’ ಎನ್ನಬೇಕು, ಹತ್ತದಿದ್ದರೆ ‘ಇಲ್ಲ’ ಎನ್ನಬೇಕು. ದಿನಕ್ಕೆ ನಲವತ್ತು ಗಾಡಿ ಬಂದರೂ ಈ ಎರಡು ಮಾತಿನಲ್ಲಿ ನನ್ನ ದಿನ ಮುಗಿಯುತ್ತದೆ. ಮೊದಲು ಆ ಜಾಗದಲ್ಲಿ ನನ್ನ ಸೋದರಮಾವ ನಿಲ್ಲುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದು, ಹತ್ತದ ದೀಪವೂ ಹತ್ತಿದಂತೆ ಕಾಣತೊಡಗಿದಾಗ ನನ್ನನ್ನು ತಂದು ನಿಲ್ಲಿಸಿದರು. ಇನ್ನೂ ಹೆಚ್ಚು ಮಾತಾಡಬೇಕಾದ ಕೆಲಸವಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ.

ನಮ್ಮೂರಿನಲ್ಲಿ ಗಾಡಿ ಪಾಸಾಗುವ ತನಕ ಅದರ ಮಾಲೀಕ ಇರುತ್ತಾನೆ. ಸತ್ತ ಮೇಲೂ ಇರುತ್ತಾನೆ. ಮಣ್ಣು ಮಾಡುವುದು ಬೇರೆ, ಹೋಗುವುದು ಬೇರೆ. ಮಣ್ಣು ಮಾಡುವುದು ಸತ್ತ ದಿನವೇ ಆಗುತ್ತದೆ. ನಾಲ್ಕು ಜನ ಸದ್ದಿಲ್ಲದೆ ಹೋಗಿ, ಹೊಲಕ್ಕೆ ನೀರು ತಿರುವಿ ಬಂದವರ ಹಾಗೆ ಕೈಕಾಲು ತೊಳೆದುಕೊಂಡು ಮನೆಗೆ ಬರುತ್ತಾರೆ. ಹೋಗುವುದು ಮಾತ್ರ ಗಾಡಿ ಫೇಲಾದ ದಿನ. ಅಲ್ಲಿಯವರೆಗೆ ಬಾಗಿಲ ಮೇಲೆ ಅವನದೇ ಹೆಸರು, ಲಗ್ನಪತ್ರಿಕೆ ಬರುವುದು ಅವನ ಹೆಸರಿಗೇ, ಪಂಕ್ತಿಯಲ್ಲಿ ಅವನದೊಂದು ಎಲೆ. ಕಿರಾಣಿ ಅಂಗಡಿಯ ಚನ್ನಪ್ಪಜ್ಜನ ಮೊಪೆಡ್ ಇಪ್ಪತ್ತೊಂದು ವರ್ಷ ಪಾಸಾಯಿತು. ಅಜ್ಜನ ಎಲೆಗೆ ಬಡಿಸಿದ ಹೋಳಿಗೆ ಯಾರಿಗೆ ಎಂದು ಜಗಳವಾಡುತ್ತಲೇ ಮೊಮ್ಮಕ್ಕಳು ದೊಡ್ಡವರಾದರು. ಉಳ್ಳವರು ಮುದಿ ತಂದೆಗೆ ಹೊಸ ಗಾಡಿ ಕೊಡಿಸುತ್ತಾರೆ. ತಂದೆಯೊಡನೆ ಮಾತು ಬಿಟ್ಟವರು ಅವನ ಹಳೆಯ ಗಾಡಿಯನ್ನು ಮಳೆಯಲ್ಲಿ ನಿಲ್ಲಿಸುತ್ತಾರೆ. ಹನ್ನೊಂದು ಜನ ಸೇರಿ ಕೊಂಡ ಒಂದು ಟ್ರ್ಯಾಕ್ಟರ್ ಇದೆ. ಅವರಲ್ಲಿ ಈಗ ಉಸಿರಾಡುವವರು ಇಬ್ಬರೇ. ಅದು ಫೇಲಾದರೆ ಒಂದೇ ದಿನ ಒಂಬತ್ತು ಮನೆಗಳಲ್ಲಿ ಅಳು ಏಳುತ್ತದೆ ಎಂಬ ಹೆದರಿಕೆಗೆ ಆ ಇಬ್ಬರು ಅಮಾವಾಸ್ಯೆಗೊಮ್ಮೆ ಅದಕ್ಕೆ ಗ್ರೀಸ್ ಹಾಕುತ್ತಾರೆ.

ಬದುಕಿದ್ದವರ ಗಾಡಿಯೂ ಫೇಲಾಗುತ್ತದೆ. ಆಗ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಚಹಾದಂಗಡಿಯಲ್ಲಿ ಅವರ ಮುಂದೆ ಲೋಟ ಇಡುವುದಿಲ್ಲ. ರಿಪೇರಿ ಮಾಡಿಸಿ, ಮತ್ತೆ ಗೆರೆಯ ಮೇಲೆ ನಿಲ್ಲಿಸಿ, ಪಾಸು ಮಾಡಿಸಿಕೊಂಡು ಹೊರಗೆ ಬಂದರೆ, ‘ಯಾವಾಗ ಬಂದ್ರಿ?’ ಎಂದು ಊರಿಂದ ಬಂದವರನ್ನು ಕೇಳಿದ ಹಾಗೆ ಕೇಳುತ್ತಾರೆ. ಹಾಗೆ ಮತ್ತೆ ತರಬೇಕಾದರೆ ಮಾಲೀಕನೇ ಬಂದು ಹೆಬ್ಬೆಟ್ಟು ಒತ್ತಬೇಕು. ಸತ್ತವರಿಗೆ ಅದು ಆಗದು. ಅವರಿಗೆ ವರ್ಷಕ್ಕೆ ಒಂದೇ ಅವಕಾಶ.

ಇದರ ಜೊತೆಗೇ ಬಂದ ಇನ್ನೊಂದು ಕಟ್ಟಳೆ ಇದೆ. ಗಾಡಿ ಪಾಸಾಗುತ್ತಿರುವ ತನಕ ಆ ಮನೆಯವರು ಅಳುವಂತಿಲ್ಲ. ಇರುವವನಿಗಾಗಿ ಅಳುವುದು ಅಪಶಕುನ.

ಗಾಡಿಯೇ ಇಲ್ಲದವರು ಸತ್ತ ದಿನವೇ ಹೋಗುತ್ತಾರೆ. ನನ್ನ ಅಪ್ಪ ಹಾಗೆ ಹೋದ. ನಾವು ಮೂರು ದಿನ ಅತ್ತೆವು. ನಾಲ್ಕನೆಯ ದಿನ ಅವ್ವ ಮುಖ ತೊಳೆದು ರೊಟ್ಟಿ ಬಡಿಯಲು ಕೂತಳು, ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಆಗೆಲ್ಲ ಗಾಡಿ ಇದ್ದವರ ಮನೆ ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಅಪ್ಪಂದಿರು ಸತ್ತೂ ಇದ್ದಾರಲ್ಲ ಎಂದು.

ನಮ್ಮ ಪಕ್ಕದ ಮನೆ ಶಿವಯೋಗಿಯದು. ಅವನ ಕೆಂಪು ಗಾಡಿ ನಮ್ಮೂರಿಗೆ ಬಂದ ಮೊದಲ ರೇಸಿನ ಗಾಡಿ. ಅದೇ ಕೊನೆಯದೂ ಹೌದು. ಮೂತಿಯಿಂದ ಹೊಟ್ಟೆಯವರೆಗೆ ಪ್ಲಾಸ್ಟಿಕ್ಕಿನ ಕವಚ, ಓಡಿಸುವವನು ಬೋರಲು ಮಲಗಿದ ಹಾಗೆ ಬಾಗಬೇಕು, ಹಿಂದಿನ ಸೀಟಿನಲ್ಲಿ ಗುಬ್ಬಿ ಕೂತರೆ ಹೆಚ್ಚು. ಕೆರೆ ಏರಿಯ ಮೇಲೆ ಅವನ ಗಾಡಿಯ ಸದ್ದು ಕೇಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಇವನು ಗಾಡಿಯ ಮೇಲೆಯೇ ಸಾಯುತ್ತಾನೆ ಎಂದು ಊರೆಲ್ಲ ಹೇಳಿತ್ತು. ಅವನು ಸತ್ತದ್ದು ಕಾಮಾಲೆಯಿಂದ, ಹಾಸಿಗೆಯಲ್ಲಿ, ಮೂವತ್ತೊಂದನೆಯ ವಯಸ್ಸಿಗೆ. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮನೆಯಲ್ಲಿ ಉಳಿದವರು ಅವನ ತಾಯಿ ಗಿರಿಜವ್ವ ಮತ್ತು ಹೆಂಡತಿ ಕಸ್ತೂರಿ.

ಮೆಕ್ಯಾನಿಕ್ ಹುಸೇನಸಾಬ್ ಆಗಲೇ ಹೇಳಿದ್ದ. “ರೇಸಿನ ಗಾಡಿ ಓಡಾಕ ಹುಟ್ಟಿದ್ದು, ನಿಲ್ಲಾಕ ಅಲ್ಲ. ನಿಂತರ ಬ್ಯಾಟರಿ ಸಾಯ್ತೈತಿ, ಟೈರ್ ಸೀಳ್ತೈತಿ, ಟಾಕಿಯಾಗಿನ ಪೆಟ್ರೋಲ್ ಕೆಡ್ತೈತಿ. ಮೂರು ವರ್ಷ ಪಾಸಾದ್ರ ನನ್ನ ಮೀಸಿ ಬೋಳಿಸ್ತೀನಿ.” ನಾಲ್ಕನೆಯ ವರ್ಷ ಅವನು ಮೀಸೆ ಬೋಳಿಸಿದ. ಮೀಸೆ ಮತ್ತೆ ಬೆಳೆಯಿತು, ಗಾಡಿ ಮತ್ತೆ ಮತ್ತೆ ಪಾಸಾಯಿತು. ಎಂಟು ವರ್ಷ, ಎಂಟು ಸಲ. ಅಷ್ಟೂ ಸಲ ಹಿಂದೆ ನಿಂತು ‘ಹತ್ತಿತು’ ಎಂದವಳು ನಾನು.

ಅದು ಹೇಗೆ ಪಾಸಾಗುತ್ತದೆಂದು ಊರಿಗೆ ಬೆರಗು. ಪಕ್ಕದ ಮನೆಯವಳಾದ ನನಗೆ ಬೆರಗಿರಲಿಲ್ಲ. ಪ್ರತಿ ಸೋಮವಾರ ಕಸ್ತೂರಿ ಹಿತ್ತಲಲ್ಲಿ ಅದನ್ನು ಚಾಲೂ ಮಾಡಿ, ಅನ್ನ ಬೇಯುವಷ್ಟು ಹೊತ್ತು ಗುರುಗುಡಿಸುತ್ತಿದ್ದಳು. ಒಂದೇ ಕಡೆ ಭಾರ ಬಿದ್ದು ಟೈರು ಸೀಳಬಾರದೆಂದು ದಿನಕ್ಕೊಂದು ಗೇಣು ಮುಂದಕ್ಕೆ ತಳ್ಳುತ್ತಿದ್ದಳು. ಗೋಡೆ ಬಂದಾಗ ಹಿಂದಕ್ಕೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ಒಂದೊಂದು ಕೊಂಡಿಯನ್ನೂ ತಿಕ್ಕುತ್ತಿದ್ದಳು. ಅವಳ ಉಗುರಿನ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ.

ಪರೀಕ್ಷೆಯ ದಿನ ಅವಳು ಗಾಡಿಯನ್ನು ತಳ್ಳಿಕೊಂಡೇ ಶೆಡ್ಡಿಗೆ ಬರುತ್ತಿದ್ದಳು, ಹಿಂದೆ ಗಿರಿಜವ್ವ. ಸರದಿಯಲ್ಲಿ ನಿಂತ ಆಟೋದವರು, ಹಾಲಿನವರು ಕೆಣಕುತ್ತಿದ್ದರು.

“ಏನವಾ ಕಸ್ತೂರಿ, ಶಿವಯೋಗಿ ಹ್ಯಾಂಗದಾನ?”

“ಅರಾಮ ಅದಾನ್ರಿ. ಮೊನ್ನೆ ಎಣ್ಣಿ ಬದಲಿ ಮಾಡೀನಿ.”

“ಸಿಟ್ಟು ಬರ್ತೈತೇನು ಇನ್ನೂ?”

“ಥಂಡಿ ಇದ್ದಾಗಷ್ಟ. ಎರಡು ಸಲ ಕೆಮ್ಮಿ ಸುಮ್ಮನಾಗ್ತಾನ.”

ಎಲ್ಲರೂ ನಗುತ್ತಿದ್ದರು, ಕಸ್ತೂರಿಯೂ ನಗುತ್ತಿದ್ದಳು. ಕೊಟ್ರಯ್ಯನವರು ಕೂಡ ಆ ಗಾಡಿಗೆ ಪಾಸಿನ ಚೀಟಿ ಹಚ್ಚುವಾಗ, “ಈ ಊರಾಗ ಹೇಳಿದ ಟೈಮಿಗೆ ಬರೂವು ಎರಡ ನೋಡ್ರಿ, ಬೆಳಗಾಗೂದು ಮತ್ತ ಈ ಗಾಡಿ ಪಾಸಾಗೂದು” ಎನ್ನುತ್ತಿದ್ದರು. ಶೆಡ್ಡಿನ ಗೇಟಿನಲ್ಲಿ ಮಾತ್ರ ಒಬ್ಬ ನಗದೆ ನಿಂತಿರುತ್ತಿದ್ದ. ಶಿವಯೋಗಿಯ ತಮ್ಮ ಬಸಲಿಂಗ. ಹಿಟ್ಟಿನ ಗಿರಣಿಯವನು, ರೆಪ್ಪೆಯ ಮೇಲೂ ಹಿಟ್ಟು. ಅಣ್ಣ ಹೋದರೆ ಮನೆಯ ಕೀಲಿ ತಮ್ಮನಿಗೆ ಬರುತ್ತದೆ. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಅವನಿಗೆ ಮೂರು ಮಕ್ಕಳು. ಪಾಸಾಯಿತೆಂದು ಕೇಳಿದ ಕೂಡಲೇ, “ಛಲೋ ಆತು, ಅಣ್ಣ ಅದಾನ” ಎಂದು ಹೇಳಿ, ತಲೆ ಕೊಡವಿ, ಗಿರಣಿಗೆ ಹೋಗಿಬಿಡುತ್ತಿದ್ದ. ಕೆಟ್ಟವನಲ್ಲ. ಕಾಯುತ್ತಿದ್ದ, ಅಷ್ಟೆ.

ಕಸ್ತೂರಿ ಆ ಮನೆಯ ಮುಂದಿನ ಕೋಣೆಯಲ್ಲಿ ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತಿದ್ದಳು. ಮೇಲೆ ‘ಶಿವಯೋಗಿ ಸೀಟ್ ವರ್ಕ್ಸ್’ ಎಂಬ ಬೋರ್ಡು. ಸಂಜೆ ನಾನು ಹೋಗಿ ಅವಳ ದಾರಕ್ಕೆ ಮೇಣ ತಿಕ್ಕಿ ಕೊಡುತ್ತಿದ್ದೆ. ನಾನು ಮಾತಾಡುವುದಿಲ್ಲವಾದ್ದರಿಂದ ಜನ ನನ್ನ ಮುಂದೆ ಮಾತಾಡುತ್ತಾರೆ. ಒಂದು ಸಂಜೆ ಅವಳು ಹೇಳಿದಳು:

“ಇದ್ದಾಗ ನನಗ ಸೂಜಿ ಹಿಡಿಯಾಕ ಬಿಡಲಿಲ್ಲ ಇಂವ. ಮನಿ ಹೆಂಗಸು ಮಂದಿ ಕೂರೂ ಸೀಟ್ ಹೊಲಿದ್ರ ಮಾನ ಹೋಗ್ತೈತಿ ಅಂತಿದ್ದ. ಈಗ ಅವನ ಹೆಸರಿನ ಬೋರ್ಡ್ ಕೆಳಗ ಕೂತು ಹೊಲೀತೀನಿ, ಒಂದು ಮಾತಿಲ್ಲ. ಇದ್ದ ಗಂಡಗಿಂತ ಪಾಸಾದ ಗಂಡ ಛಲೋ ಅದಾನ ನೋಡ ಸಾವಂತ್ರಿ.”

ನಾನು ನಕ್ಕೆ. ಅವಳು ನಗಲಿಲ್ಲ. “ಅಂವ ಹೋದಾ ಅಂದ್ರ ಮುಂದ ನನ್ನ ತವರು. ಅಲ್ಲಿ ಇಬ್ಬರು ಅತ್ತಿಗೇರು. ಅವರು ಕುಂತ ಮ್ಯಾಲ ಉಳಿದ ಜಾಗದಾಗ ನಾ ಕುಂದರಬೇಕು” ಎಂದು ಹೇಳಿ, ಮಷಿನ್ನಿನ ಚಕ್ರ ತಿರುಗಿಸಿದಳು.

ಆ ಹೊತ್ತಿನಲ್ಲಿ ಗಿರಿಜವ್ವ ಯಾವಾಗಲೂ ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಿಡದೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಇಬ್ಬರು ಉಣ್ಣುವ ಮನೆಗೆ ಅಷ್ಟು ಉಳ್ಳಾಗಡ್ಡಿ ಯಾಕೆಂದು ಬಹಳ ದಿನ ನನಗೆ ಹೊಳೆದಿರಲಿಲ್ಲ. ಒಂದು ಮದುವೆಯಲ್ಲಿ, ಶಿವಯೋಗಿಯ ಎಲೆಗೆ ಯಾರೋ ಅವನಿಗೆ ಇಷ್ಟವಾದ ಬದನೆಕಾಯಿ ಪಲ್ಯ ಬಡಿಸಿದಾಗ, ಮುದುಕಿಯ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು. ಪಕ್ಕದ ಹೆಂಗಸು ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದು, “ಅಯ್ಯ ಯವ್ವಾ, ಮಗ ಪಾಸಾಗಿ ಇನ್ನೂ ಎರಡು ತಿಂಗಳಾಗಿಲ್ಲ, ಬಾಯಿ ಮುಚ್ಚಬೇ” ಎಂದಳು. ಗಿರಿಜವ್ವ ಬಾಯಿ ಮುಚ್ಚಿದಳು. ಮನೆಗೆ ಬಂದು ಉಳ್ಳಾಗಡ್ಡಿ ತೆಗೆದುಕೊಂಡು ಕೂತಳು.

ಒಂಬತ್ತನೆಯ ಪರೀಕ್ಷೆಯ ಹಿಂದಿನ ದಿನ, ಮಧ್ಯಾಹ್ನ, ಕೊಟ್ರಯ್ಯನವರು ಊಟಕ್ಕೆ ಹೋಗಿದ್ದಾಗ ಗಿರಿಜವ್ವ ಶೆಡ್ಡಿಗೆ ಬಂದಳು. ನಾನು ಒಬ್ಬಳೇ ಬುತ್ತಿ ಬಿಚ್ಚುತ್ತಿದ್ದೆ. ಅವಳು ಕೋಲೂರಿಕೊಂಡು ಬಿಳಿ ಗೆರೆಯವರೆಗೆ ಹೋಗಿ, ಅದನ್ನು ದಾಟದೆ, ಕೆರೆಯ ಅಂಚಿನಲ್ಲಿ ನಿಂತವರ ಹಾಗೆ ನಿಂತಳು.

“ನಾಳೆ ನನ್ನ ಮಗನ ಗಾಡಿ ಬರ್ತೈತಲ್ಲ” ಎಂದಳು. “ನೀ ‘ಇಲ್ಲ’ ಅಂದುಬಿಡವ್ವಾ.”

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಕೊಟ್ರಯ್ಯನವರ ಕೈಬರಹ ಯಾರಿಗೂ ಕಾಣುವುದಿಲ್ಲ, ನನ್ನ ಕೂಗು ಗೇಟಿನವರೆಗೆ ಕೇಳುತ್ತದೆ. ಅದಕ್ಕೇ ನಮ್ಮೂರಿನವರು ಪಾಸು ಫೇಲು ಮಾಡುವವಳು ನಾನೇ ಎಂದುಕೊಂಡಿದ್ದಾರೆ.

“ನನಗ ಎಪ್ಪತ್ತು ಆಗಾಕ ಬಂತು. ನಂದೇನು ಗಾಡಿ ಐತಿ? ಸತ್ತ ದಿನ ಹೋಗೇಬಿಡ್ತೀನಿ. ಮಗನ್ನ ಇಲ್ಲೇ ನಿಲ್ಲಿಸಿ ನಾ ಹ್ಯಾಂಗ ಹೋಗಲೆವ್ವಾ? ಮಣ್ಣು ಮಾಡಿದ ದಿನ ಒಂದು ಹನಿ ಹಾಕಾಕ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ಒಮ್ಮೆ ಬಾಯಿ ತೆಗೆದು ಅಳಬೇಕು. ಹೆಸರು ಹಿಡಿದು ಅಳಬೇಕು. ಅಷ್ಟ.”

ನಾನು ಕೇಳದಿದ್ದರೂ ಅವಳೇ ಮುಂದುವರಿಸಿದಳು. “ಕಸ್ತೂರಿಗೆ ಯಾವ ಬಾಯಿಲೆ ಹೇಳಲಿ? ಆ ಗಾಡಿ ತಿಕ್ಕಿ ತಿಕ್ಕಿ ಆಕಿ ಬಾಳ್ವಿ ಮಾಡ್ಯಾಳ. ನನಗ ಎರಡು ಹೊತ್ತು ಬಿಸಿ ಹಾಕ್ತಾಳ. ನಾ ಅಳಬೇಕು, ನೀ ಮನಿ ಬಿಡು ಅಂತ ಕೇಳಾಕ ಬರ್ತೈತೇನು?”

ಕೇಳಲು ಬರುವುದಿಲ್ಲ ಎನ್ನುತ್ತಲೇ ನನ್ನ ಬಾಯಿಯಿಂದ ಅದನ್ನು ಮಾಡಿಸಲು ಬಂದಿದ್ದಳು. ಅದು ಅವಳಿಗೂ ತಿಳಿದಿತ್ತು. ನನ್ನ ಮುಖ ನೋಡದೆ ಹೊರಟುಹೋದಳು. ಎಂಟು ವರ್ಷದಲ್ಲಿ ನಾನು ಹತ್ತಿದ ದೀಪಕ್ಕೆ ‘ಇಲ್ಲ’ ಎಂದವಳಲ್ಲ, ಹತ್ತದ ದೀಪಕ್ಕೆ ‘ಹತ್ತಿತು’ ಎಂದವಳಲ್ಲ. ಸತ್ಯವಂತೆ ಎಂದಲ್ಲ, ಬೇರೆ ಏನನ್ನಾದರೂ ಹೇಳು ಎಂದು ಯಾರೂ ಕೇಳಿರಲಿಲ್ಲ. ಆ ಗಾಡಿಯ ದೀಪವೋ ಹತ್ತದೆ ಇರುವುದಿಲ್ಲ. ಹಿಂದಿನ ಸೋಮವಾರವಷ್ಟೇ ಕಸ್ತೂರಿ ಹೊಸ ಬಲ್ಬ್ ಹಾಕಿದ್ದಳು. ಬಲ್ಬಿನ ಖಾಲಿ ಡಬ್ಬಿಯಲ್ಲಿ ಈಗ ಗುಂಡಿಗಳನ್ನು ಇಟ್ಟಿದ್ದಳು.

ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಹದಿನೇಳು ಗಾಡಿಗಳು ನಿಂತಿದ್ದವು. ಸರದಿಯ ನಂಬರನ್ನು ಟೈರಿನ ಮೇಲೆ ಸೀಮೆಸುಣ್ಣದಿಂದ ಬರೆಯುವುದೂ ನನ್ನದೇ ಕೆಲಸ. ಕೆಂಪು ಗಾಡಿ ಆರನೆಯದು. ಗಿರಿಜವ್ವ ಗೇಟಿನ ಬಳಿ ಬಿದ್ದಿದ್ದ ಲಾರಿಯ ಟೈರಿನ ಮೇಲೆ ಕೂತಿದ್ದಳು. ಬಸಲಿಂಗ ಬಂದು ಕಂಬಕ್ಕೆ ಒರಗಿದ್ದ. ನಾನು ಕೆಂಪು ಗಾಡಿಯ ಹಿಂದಿನ ಗಾಲಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಆರು ಎಂದು ಬರೆದು, ಏಳದೆ, ಗಾಲಿಯನ್ನೇ ನೋಡುತ್ತ ಹೇಳಿದೆ:

“ಅಕ್ಕಾ, ಅತ್ತಿಯವರು ನಿನ್ನೆ ಬಂದಿದ್ರು. ‘ಇಲ್ಲ’ ಅನ್ನು ಅಂದ್ರು. ಅಳಬೇಕಂತ.”

ಕಸ್ತೂರಿ ಮೊದಲು ನಕ್ಕಳು.

“ಯಾರು? ನಮ್ಮತ್ತಿ?”

“ಹೂಂ.”

“ನಾ ಏನು ಕಡಿಮಿ ಮಾಡೀನಿ ಆಕಿಗೆ? ಕೇಳು, ಏನು ಕಡಿಮಿ ಮಾಡೀನಿ?”

“ನೀವು ಏನೂ ಕಡಿಮಿ ಮಾಡಿಲ್ಲ ಅಂತನ ನಿಮ್ಮ ಮುಂದ ಹೇಳಲಿಲ್ಲಂತ.”

ಅವಳು ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀ ಏನಂದಿ?”

“ನಾ ಏನೂ ಅಂದಿಲ್ಲ.”

“ಈಗ ಏನಂತೀ?”

“ದೀಪ ಹತ್ತಿದ್ರ ಹತ್ತಿತು ಅಂತೀನಿ.”

“ಹತ್ತತೈತಿ ಬಿಡು” ಎಂದಳು ಕಸ್ತೂರಿ ಒರಟಾಗಿ. “ಹೋಗು, ನಂಬರ್ ಬರಿ.”

ನಾನು ಏಳನೆಯ ಗಾಡಿಗೆ ಹೋದೆ. ಅಲ್ಲಿಂದ ನೋಡಿದೆ. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನವನು ಗಿರಿಜವ್ವನನ್ನು, “ಏನ್ ಯಜಮಾನ್ತಿ, ಮಗ ಅರಾಮೇನು?” ಎಂದು ಕೂಗಿ ಕೇಳಿದ. ಮುದುಕಿ ಹಲ್ಲಿಲ್ಲದ ಬಾಯಿ ಅಗಲಿಸಿ, “ಅರಾಮ ಅದಾನಪ್ಪ, ಅರಾಮ ಅದಾನ” ಎಂದಳು. ಕೇಳಿದವನು ಆ ಕಡೆ ತಿರುಗಿದ ಮೇಲೂ ಆ ನಗೆ ಅವಳ ಮುಖದ ಮೇಲೆ ಹಾಗೆಯೇ ಇತ್ತು. ಅದನ್ನು ತೆಗೆಯುವುದು ಮರೆತಿದ್ದಳು. ಕಸ್ತೂರಿ ಅದನ್ನು ನೋಡುತ್ತಿದ್ದಳು. ನಂಬರ್ ಮುಗಿಸಿ ನಾನು ಒಳಗೆ ನನ್ನ ಜಾಗಕ್ಕೆ ಹೋದೆ, ಒಂದೊಂದಾಗಿ ಐದು ಗಾಡಿಗಳು ಗೆರೆಯ ಮೇಲೆ ಬಂದು ಹೋದವು. ಅವಳು ನೋಡುತ್ತಲೇ ಇದ್ದಳು.

ಆರನೆಯದನ್ನು ಕರೆದಾಗ ಅವಳು ಗಾಡಿಯನ್ನು ತಳ್ಳಿಕೊಂಡು ಒಳಗೆ ಬಂದು, ಗೆರೆಯ ಮೇಲೆ ನಿಲ್ಲಿಸಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ ಹತ್ತಿ ಕೂತಳು. ಕೊಟ್ರಯ್ಯನವರು ಮುಂದೆ, ನಾನು ಹಿಂದೆ. ಮುಂದಿನವರು ಹಿಂದೆ ಬರುವಂತಿಲ್ಲ, ಹಿಂದಿನವರು ಮುಂದೆ ಹೋಗುವಂತಿಲ್ಲ. ಹಿಂದಿನ ಕಾಲದಲ್ಲಿ ಒಬ್ಬ ಸಾಹೇಬರು ತಮಗೆ ಬೇಕಾದವರ ಗಾಡಿಯ ಸುತ್ತ ಓಡಾಡಿ ಎಲ್ಲವನ್ನೂ ತಾವೇ ಪಾಸು ಮಾಡಿದ್ದರಿಂದ ಹಾಗೊಂದು ನಿಯಮ ಮಾಡಿದ್ದಾರೆ.

“ಬರ್ರಿ, ಶಿವಯೋಗಿಯವರು ಬಂದ್ರು” ಎಂದರು ಕೊಟ್ರಯ್ಯನವರು. ಹಾರ್ನ್ ಕೇಳಿದರು, ಪಾಸು. ಮುಂದಿನ ದೀಪವನ್ನು ಗೋಡೆಯ ಮೇಲಿನ ಗುರುತಿಗೆ ಬಿಟ್ಟು ನೋಡಿದರು, ಪಾಸು. ಮುಂದಿನ ಟೈರಿನ ಗೀರಿಗೆ ಕಡ್ಡಿ ಇಟ್ಟರು, ಚೈನನ್ನು ನನ್ನ ಬೆರಳಿನಿಂದ ಎತ್ತಿ ಬಿಡಿಸಿದರು, ಹೊಗೆಗೆ ನನ್ನ ಕೈಯಿಂದ ಬಿಳಿ ಬಟ್ಟೆ ಹಿಡಿಸಿದರು. ಬಟ್ಟೆ ಬಿಳಿಯಾಗಿಯೇ ಉಳಿಯಿತು. “ಹೊಸದಕ್ಕಿಂತ ಹೊಸದೈತಲ್ಲಬೇ” ಎಂದರು.

“ಕೈ ಬ್ರೇಕ್.”

ಕಸ್ತೂರಿ ಬಲಗೈ ಬಿಗಿದಳು. ನನ್ನ ಮುಖದ ಮೇಲೆ ಕೆಂಪು ಬಿತ್ತು. “ಹತ್ತಿತು” ಎಂದೆ.

“ಕಾಲ ಬ್ರೇಕ್.”

ರೇಸಿನ ಗಾಡಿಯ ಕವಚ ಹೊಟ್ಟೆಯವರೆಗೆ ಬರುವುದರಿಂದ ಮುಂದೆ ನಿಂತವರಿಗೆ ಓಡಿಸುವವರ ಪಾದ ಕಾಣುವುದಿಲ್ಲ. ನನಗೆ ಕಾಣುತ್ತದೆ. ಕಸ್ತೂರಿಯ ಬಲಪಾದ ಮೇಲೆದ್ದು, ಪೆಡಲಿನ ಮೇಲಕ್ಕೆ ಬಂದು, ಅದಕ್ಕೆ ಒಂದು ಬೆರಳಷ್ಟು ಅಂತರದಲ್ಲಿ ನಿಂತಿತು. ನಾನು ಕಾದೆ. ಪಾದ ಇಳಿಯಲಿಲ್ಲ. ದೀಪ ಕಪ್ಪಗಿತ್ತು.

“ಇಲ್ಲ” ಎಂದೆ.

“ಏನು?” ಎಂದರು ಕೊಟ್ರಯ್ಯನವರು.

“ಇಲ್ರಿ.”

ಮೂರು ಸಲ ನೋಡಬೇಕೆಂದು ಇದೆ. ಕೊಟ್ರಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, “ಇನ್ನೊಮ್ಮೆ. ಕಾಲು ಸರಿಯಾಗಿ ಇಡವ್ವಾ ಕಸ್ತೂರಿ” ಎಂದರು.

“ಇಟ್ಟೀನ್ರಿ” ಎಂದಳು ಅವಳು. ಪಾದ ಇದ್ದಲ್ಲೇ ಇತ್ತು, ಗಾಳಿಯಲ್ಲಿ.

“ಇಲ್ಲ” ಎಂದೆ.

“ಮತ್ತೊಮ್ಮೆ. ಒತ್ತವ್ವಾ. ಜೋರ ಒತ್ತು.”

ಮೂರನೆಯ ಸಲ ಅವಳು ಪಾದವನ್ನು ಪೆಡಲಿನ ಮೇಲಿನಿಂದ ತೆಗೆದು, ಮೆಲ್ಲಗೆ ನೆಲಕ್ಕೆ ಊರಿದಳು. ಎಂಟು ವರ್ಷ ಕಾಲೆತ್ತಿಯೇ ಇದ್ದವಳು ಇಳಿಸಿದ ಹಾಗಿತ್ತು. ಅವಳ ಬೆನ್ನು ನನ್ನ ಕಣ್ಣೆದುರಿಗಿತ್ತು, ಕುಪ್ಪಸದ ಹೊಲಿಗೆ ಅವಳದೇ, ಒಂದು ಗುಂಡಿ ಬೇರೆ ಬಣ್ಣದ್ದು.

“ಇಲ್ಲ” ಎಂದೆ.

ಸುಳ್ಳು ಹೇಳಲಿಲ್ಲ. ದೀಪ ಹತ್ತಿರಲಿಲ್ಲ.

ಕೊಟ್ರಯ್ಯನವರು ಬಹಳ ಹೊತ್ತು ಕಸ್ತೂರಿಯ ಮುಖ ನೋಡಿದರು. ಅಲ್ಲಿ ಅವರಿಗೆ ಏನು ಕಂಡಿತೋ, ಹಿಂದೆ ನಿಂತ ನನಗೆ ಗೊತ್ತಿಲ್ಲ. ಆಮೇಲೆ ಮೇಜಿನ ಹತ್ತಿರ ಹೋಗಿ ಬರೆಯತೊಡಗಿದರು. ಹೊರಗಿನಿಂದ ಗಿರಿಜವ್ವ ಕೋಲೂರುತ್ತ ಒಳಗೆ ಬಂದಳು. ಅವಳು ಕೇಳಿದ್ದು ಅದನ್ನೇ ಆದರೂ, ಈಗ ನಂಬಿಕೆ ಬರದೆ ಎಲ್ಲರ ಮುಖವನ್ನೂ ನೋಡುತ್ತಿದ್ದಳು.

“ಏನಾತ್ರಿ?”

“ಫೇಲಾತು ಯವ್ವ.”

“ಹಂಗಾದ್ರ ಹೋದ್ನೇನ್ರಿ?”

“ಸಹಿ ಆಗ್ಲಿ, ತಾಳ್ರಿ.” ಅವರು ಸಹಿ ಮಾಡಿದರು, ಸಿಕ್ಕಾ ಒತ್ತಿದರು, ಮಸಿ ಒಣಗಲೆಂದು ಊದಿದರು. ಆಮೇಲೆ ಎದ್ದು ನಿಂತು, “ಹೋದ್ರು” ಎಂದರು.

“ಈಗ ಅಳಬಹುದೇನ್ರಿ?”

“ಅಳ್ರಿ ಯವ್ವ.”

ಗಿರಿಜವ್ವ ಬಾಯಿ ತೆರೆದಳು. ಏನೂ ಬರಲಿಲ್ಲ. ಮುಚ್ಚಿ ಮತ್ತೆ ತೆರೆದಳು, ಆಗಲೂ ಬರಲಿಲ್ಲ. ತಡೆದು ತಡೆದು ಅದಕ್ಕೆ ಬರುವ ದಾರಿಯೇ ಮರೆತಿತ್ತು. ಅವಳು ಗಾಬರಿಯಿಂದ ಕಸ್ತೂರಿಯ ಕಡೆ ನೋಡಿದಳು. ಕಸ್ತೂರಿ ಗಾಡಿಯಿಂದ ಇಳಿದು ಬಂದು, ಅವಳನ್ನು ಗೆರೆಯ ಪಕ್ಕದಲ್ಲೇ ನೆಲಕ್ಕೆ ಕೂರಿಸಿ, ಮಗುವಿಗೆ ತೇಗು ಬರಿಸುವ ಹಾಗೆ ಬೆನ್ನು ತಟ್ಟುತ್ತ, “ಹೆಸರು ಹಿಡೀರಿ ಅತ್ತಿ. ಹೆಸರು ಹಿಡಿದ್ರ ಬರ್ತೈತಿ” ಎಂದಳು.

“ಶಿವೂ” ಎಂದಳು ಮುದುಕಿ. ಆಮೇಲೆ ಬಂತು.

ಸರದಿಯಲ್ಲಿ ನಿಂತಿದ್ದ ಹನ್ನೊಂದು ಗಾಡಿಗಳ ಎಂಜಿನ್ನುಗಳನ್ನು ಒಬ್ಬೊಬ್ಬರಾಗಿ ಆರಿಸಿದರು. ಗೇಟಿನ ಕಂಬದ ಬಳಿ ಬಸಲಿಂಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಕೈ ತೆಗೆದಾಗ ಹಿಟ್ಟೆಲ್ಲ ಕಣ್ಣೀರಿಗೆ ನಾದಿ ಹೋಗಿತ್ತು. ಅವನಿಗೂ ಅಣ್ಣನಲ್ಲವೇ. ಆವತ್ತು ಮಧ್ಯಾಹ್ನದವರೆಗೆ ಪರೀಕ್ಷೆ ನಿಂತಿತ್ತು. ಗಾಡಿಯನ್ನು ಅವನೇ ಮನೆಯವರೆಗೆ ತಳ್ಳಿಕೊಂಡು ಹೋದ. ಸಂಜೆ ಅವನೇ ಏಣಿ ತಂದು, ಹೆಸರಿನ ಬೋರ್ಡನ್ನು ಇಳಿಸಿ, ಒರೆಸಿ, ಗೋಡೆಗೆ ಒರಗಿಸಿ ಇಟ್ಟ.

ಹನ್ನೊಂದನೆಯ ದಿನ ಕೀಲಿ ಕೇಳಲು ಬಂದ. ನಾನು ನಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಗಿರಿಜವ್ವ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ನಮ್ಮ ಕಡೆಯ ಮುದುಕಿಯರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಹೋದವನು ಹುಟ್ಟಿದ್ದರಿಂದ ಹಿಡಿದು ಒಂದೊಂದನ್ನೇ ಎತ್ತಿ ಹೇಳಿಕೊಂಡು. ಅಳುವ ಮನೆಯಲ್ಲಿ ಕೀಲಿ ಕೇಳಿದವರು ನಮ್ಮೂರಿನಲ್ಲಿ ಯಾರೂ ಇಲ್ಲ. ಬಸಲಿಂಗ ತಾಯಿಯ ಕಾಲು ಮುಟ್ಟಿ ಹೋದ. ತಿಂಗಳು ಕಳೆದ ಮೇಲೆ ಬಂದ, ಹೋದ. ಎರಡು ತಿಂಗಳಾದ ಮೇಲೆ ಬಂದಾಗ, ಬೆಳಗಿನ ರೊಟ್ಟಿ ತಿಂದು ಬಾಯಿ ಒರೆಸಿಕೊಂಡು ಗಿರಿಜವ್ವ ಆಗತಾನೆ ಶುರು ಮಾಡಿದ್ದಳು. ಒಳಗೆ ಮಷಿನ್ನಿನ ಸದ್ದು ಇತ್ತು. ಬೋರ್ಡು ಇಲ್ಲದಿದ್ದರೂ ಕಟ್ಟೆಯ ಮೇಲೆ ಮೂರು ಹರಿದ ಸೀಟುಗಳು ಬಂದು ಕೂತಿದ್ದವು.

“ಅವ್ವಾ” ಎಂದ ಬಸಲಿಂಗ, ಮೆತ್ತಗೆ. “ಇನ್ನೂ ಎಷ್ಟೈತಿ?”

ಗಿರಿಜವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅವನ ಮುಖವನ್ನು ಪ್ರೀತಿಯಿಂದಲೇ ನೋಡಿದಳು.

“ಅಂವಗ ಮೂರು ವರ್ಷ ಇದ್ದಾಗ ದಡಾರ ಬಂದಿತ್ತಲ್ಲಪ್ಪ” ಎಂದಳು, “ಅಲ್ಲಿಗೆ ಬಂದೀನಿ.”

ಬಸಲಿಂಗ ಬೆರಳು ಮಡಚಿದ, ಬಿಚ್ಚಿದ. ಅವನ ಅಣ್ಣ ಮೂವತ್ತೊಂದು ವರ್ಷ ಬದುಕಿದ್ದ. ಅವನು ಒಳಗೆ ಇಣುಕಿ ಅತ್ತಿಗೆಯನ್ನು ನೋಡಿದ. ಕಸ್ತೂರಿ ತಲೆ ಎತ್ತಲಿಲ್ಲ, ಮಷಿನ್ ನಿಲ್ಲಿಸಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, ಬಾಗಿಲ ಕಡೆಗೆ ಹೇಳಿದಳು:

“ಸಾವಕಾಶ ಅಳ್ರಿ ಅತ್ತಿ. ಎಂಟು ವರ್ಷದ್ದೈತಿ.”